ಹನ್ನೆರಡನೇ ಅಧ್ಯಾಯಕ್ಕೆ ಸಕ್ಕರೆ ಸಾಲದು

ಬೆಳಗಿನ ನಾಲ್ಕು. ಬುಡಾಪೆಸ್ಟಿನ ಹೊರವಲಯ,
ಸ್ಟುಡಿಯೋದ ಹಿಂಬಾಗಿಲಲ್ಲಿ ಊಟದ ಲಾರಿ.
ಬೋರ್ಬಾಲಾ ಒಲೆ ಹೊತ್ತಿಸುವ ಮೊದಲು
ಕನ್ನಡಕ ಒರೆಸಿ ಎರಡು ಪುಟ ಓದುತ್ತಾಳೆ.

ರಕ್ಷಾಪುಟದಲ್ಲೊಬ್ಬ ಸಿನಿಮಾ ನಟ,
ಅಂಗಿಯ ಮೂರು ಗುಂಡಿ ಬಿಚ್ಚಿವೆ, ಕೈಯಲ್ಲಿ ಸೌಟು.
ಹಿಡಿದ ರೀತಿ ನೋಡಿದರೆ
ಜನ್ಮದಲ್ಲಿ ಸಾರು ಕಲಕಿದವನಲ್ಲ.
ಇರಲಿ, ಅನ್ನುತ್ತಾಳೆ, ಕಲಿಸಬಹುದು.

ಕಥೆ ಇಷ್ಟೇ: ವಿಲ್ಮಾ ಎಂಬ ಅಡುಗೆಯವಳು,
ಅವಳ ಒಂದು ಚಮಚ ಸೂಪಿಗೆ ಸೋತ ತಾರೆ.
ಎರಡನೇ ಅಧ್ಯಾಯಕ್ಕೆ ಬೆರಳ ತುದಿಯ ಕೆನೆ,
ಐದಕ್ಕೆ ಮುನಿಸು, ಆರಕ್ಕೆ ಪತ್ರಿಕೆಯವರ ಕಾಟ,
ಪ್ರತಿ ಮುತ್ತಿನ ಬೆನ್ನಿಗೂ
‘ಬೇಕಾಗುವ ಸಾಮಗ್ರಿ’, ‘ಮಾಡುವ ವಿಧಾನ’.

ನನ್ನ ಕೆಲಸ ಲೆಕ್ಕ ಬರೆಯುವುದು:
ಯಾವ ಟೇಕಿನಲ್ಲಿ ಎಷ್ಟು ತುತ್ತು, ಚಮಚ ಎಡಗೈಯೋ ಬಲಗೈಯೋ.
ಹಾಗಾಗಿ ನನಗೂ ಗೊತ್ತು, ಅವಳಿಗೂ ಗೊತ್ತು:
ಪ್ರೇಮದೃಶ್ಯದ ಐಸ್‌ಕ್ರೀಮು ಆಲೂಗಡ್ಡೆ, ವನಸ್ಪತಿ,
ಮೇಲೊಂದಿಷ್ಟು ಬಣ್ಣ. ದೀಪದ ಝಳಕ್ಕೆ ಕರಗಬಾರದಲ್ಲ.
ಹದಿನೇಳನೇ ಸಲ ನಾಯಕಿ ಕಣ್ಣರ್ಧ ಮುಚ್ಚಿ
ಆಹಾ ಎಂದು ಸವಿದು,
‘ಕಟ್’ ಅಂದೊಡನೆ ಬಕೆಟ್ಟಿಗೆ ಉಗಿಯುತ್ತಾಳೆ.
ಆ ಬಕೆಟ್ಟು ಯಾವ ಕಾದಂಬರಿಯಲ್ಲೂ ಬರುವುದಿಲ್ಲ.
ವಿಲ್ಮಾಳ ಬೆರಳಲ್ಲಿ ವೆನಿಲಾ ಘಮ,
ನೂರಿಪ್ಪತ್ತು ತಟ್ಟೆ ತೊಳೆದ ಇವಳದರಲ್ಲಿ ಬ್ಲೀಚು.

ಒಮ್ಮೆ ಮಾತ್ರ, ನಡುರಾತ್ರಿ ದಾಟಿ,
ಹೆಸರಾಂತ ನಟನೊಬ್ಬ ಲಾರಿಯ ಕಿಟಕಿಗೆ ಬಂದ.
ಥೇಟು ಎರಡನೇ ಅಧ್ಯಾಯ.
ಮೊಣಕೈ ಊರಿ, ದನಿ ತಗ್ಗಿಸಿ ಕೇಳಿದ:
‘ಎದೆಯುರಿಗೆ ಏನಾದರೂ ಇದೆಯಾ?’
ಸೋಡಾಪುಡಿ ಕದಡಿ ಕೊಟ್ಟಳು.
ಥ್ಯಾಂಕ್ಸ್ ಬಾರ್ಬರಾ, ಅಂದು ಹೋದ.
ತಪ್ಪು ಹೆಸರು. ಆದರೂ
ಆ ಒಂದು ಲೋಟ ಬೆಳಗಿನವರೆಗೂ ತೊಳೆಯಲಿಲ್ಲ.

ಪುಸ್ತಕ ಕೈಯಿಂದ ಕೈಗೆ ದಾಟುತ್ತದೆ.
ಹನ್ನೆರಡನೇ ಅಧ್ಯಾಯ, ಹುಳಿ ಚೆರ್ರಿಯ ಸ್ಟ್ರೂಡೆಲ್:
ಹಿಟ್ಟಿದೆ, ಬೆಣ್ಣೆಯಿದೆ, ಆಕ್ರೋಟಿದೆ, ಸಕ್ಕರೆಯೇ ಇಲ್ಲ!
ಬರೆದವಳು ಮರೆತಳೋ,
ಮುತ್ತಿನ ಸಿಹಿಯೇ ಸಾಕೆಂದಳೋ.
ಅಂಚಿನಲ್ಲಿ ಬೋರ್ಬಾಲಾಳ ಪೆನ್ಸಿಲು:
‘ಕಡಿಮೆಯೆಂದರೂ ನೂರೈವತ್ತು ಗ್ರಾಂ, ಪೆದ್ದಿ.’
ಕೆಳಗೆ ಮೇಕಪ್ಪಿನ ಎಮೋಕೆ, ಹುಬ್ಬಿನ ಕಡ್ಡಿಯಲ್ಲಿ:
‘ಇವಳ ಕಾಡಿಗೆ ಕಣ್ಣೀರಿಗೂ ಕದಡದು, ಯಾವ ಕಂಪನಿ?’
ವ್ಯಾನಿನ ಗೆರ್ಗೋ:
‘ಊರೆಲ್ಲ ಸುತ್ತಿದರು. ಡೀಸೆಲ್ ಯಾರಪ್ಪನದು?’
ಅದರಾಚೆ ಸಣ್ಣಗೆ, ಹೆಸರಿಲ್ಲದ್ದೊಂದು ಸಾಲು:
‘ನನಗೂ ಹೀಗೊಮ್ಮೆ.’

ಭಾನುವಾರ ಮನೆಗೆ ಕರೆದಳು.
ಮೇಜಿನಗಲ ಹಿಟ್ಟು ಹಿಗ್ಗಿಸುತ್ತ,
ಮುಷ್ಟಿಯ ಬೆನ್ನಿನಿಂದ, ಉಸಿರು ಬಿಗಿಹಿಡಿದು.
ಎಷ್ಟು ತೆಳುವೆಂದರೆ, ಅವಳ ಅಜ್ಜಿಯ ಅಳತೆ,
ಅಡಿಗಿಟ್ಟ ಪ್ರೇಮಪತ್ರ ಓದಲು ಬರಬೇಕು.
ಪತ್ರ ಎಲ್ಲಿಂದ ತರೋಣ?
ಖಾನೆಯಲ್ಲಿದ್ದದ್ದು ಗ್ಯಾಸ್ ಬಿಲ್ಲು, ಮೊಣಕಾಲಿನ ಎಕ್ಸ್‌ರೇ.
ಕಾದಂಬರಿಯನ್ನೇ ಬಿಡಿಸಿ ಅಡಿಗೆ ತೂರಿಸಿದಳು.

ಅಕ್ಷರ ಮಂಜಾಗಿ, ಮೈದುಂಬಿ ಮೇಲೆದ್ದವು.
‘ಅವನು ಅವಳ’… ಮುಂದೆ ಹಿಟ್ಟು ದಪ್ಪ.
‘ಚಿಟಿಕೆ ಉಪ್ಪು’… ‘ತಡೆಯಲಾರದೆ’…
ಎಲ್ಲ ಗೊತ್ತಿದ್ದೂ ಇಬ್ಬರೂ ಬಾಗಿ ಓದಿದೆವು,
ಪರೀಕ್ಷೆಯಲ್ಲಿ ಕದ್ದು ನೋಡುವ ಹುಡುಗಿಯರಂತೆ.
ಅಷ್ಟರಲ್ಲಿ ಅವಳ ಉಗುರು ತಾಗಿ ಹಿಟ್ಟು ಹರಿಯಿತು.
ಹರಿದಲ್ಲಿ ಮಾತ್ರ ಬರಹ ನಿಚ್ಚಳ:
ನನಗೂ ಹೀಗೊಮ್ಮೆ.

‘ಯಾರ ಕೈಬರಹ ಇದು?’
ಗೊತ್ತಿಲ್ಲ, ಅಂದೆ.
ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ,
ಅಂಚಿನ ತುಂಡೊಂದು ಹರಿದು ತೇಪೆ ಹಾಕಿದಳು,
ಸಕ್ಕರೆಯನ್ನು ಅಳೆಯದೆ ಸುರಿದಳು.

ಸೋಮವಾರ ನಾಲ್ಕಕ್ಕೆ, ಬೆಣ್ಣೆಯ ಕಲೆ ಸಮೇತ
ಪುಸ್ತಕ ಎಮೋಕೆಯ ಕೈಗಿಟ್ಟು,
‘ಶುದ್ಧ ಸುಳ್ಳು ಕಣೇ, ಮೊದಲಿಂದ ಕೊನೆತನಕ.
ಇನ್ನೊಂದಿದೆಯಾ?’