ನಾಲ್ಕನೇ ಚೀಟಿ

ಸಿದ್ದಾಪುರದಲ್ಲಿ ಕಾಫಿ ಕೊಯ್ಲು, ಕ್ಲಾಸಿನಲ್ಲಿ ಅರ್ಧ ಹಾಜರಿ.
ಇದ್ದವರ ಬೆಂಚುಗಳನ್ನು ದರದರ ಎಳೆದು
ಎದುರುಬದುರು ಇಟ್ಟೆ.
ಗುಂಪಿಗೆ ನಾಲ್ವರು, ನಾಲ್ಕು ಚೀಟಿ;
ಯಾರ ನಂಬರು ಬಂತೋ ಅವರೇ ಎದ್ದು ಹೇಳಬೇಕು.

ಅರವತ್ತು ಕಿಲೋ ಹಣ್ಣು,
ಕಿಲೋಗೆ ಐದು ರೂಪಾಯಿ, ಕೂಲಿ ಎಷ್ಟು?

ಸಫ್ವಾನ್ ಬಾಯಲ್ಲೇ ಗುಣಿಸಿದ: ಮುನ್ನೂರು.
ಅಸ್ಸಾಮಿನ ರೂಹುಲನಿಗೆ
ದೇಚಮ್ಮ ಬೆರಳು ಮಡಿಸಿ ಮಡಿಸಿ ತಿಳಿಸಿದಳು.
ಲೈನ್‌ಮನೆಯ ಚೋಮಿ ಮಾತ್ರ
ಕಿಟಕಿಯ ಸರಳು ಎಣಿಸುತ್ತಿದ್ದಳು.

ಬಂದದ್ದು ನಾಲ್ಕು. ಚೋಮಿ.
ಮೂವರೂ ಉಸಿರು ಬಿಗಿಹಿಡಿದರು.

"ಚೀಲದ್ದು ಕಳೀಲಿಲ್ಲ ಟೀಚರೇ.
ರೈಟರು ಒಂದು ಕಿಲೋ ಹಿಡ್ಕೊತಾರೆ.
ಅವ್ವಂಗೆ ಸಿಗೋದು ಇನ್ನೂರ ತೊಂಬತ್ತೈದೇ."

ನನ್ನ ಪುಸ್ತಕದ ಕೊನೇ ಪುಟದಲ್ಲೂ
ಮುನ್ನೂರೆಂದೇ ಅಚ್ಚಾಗಿತ್ತು.

ಸಫ್ವಾನ್ ಮೆಲ್ಲಗೆ ಕೇಳಿದ:
"ಚೋಮೀ, ನಿನ್ನ ರಬ್ಬರು ಕೊಡೇ."