ನಾಲ್ಕನೇ ಗೇರಿನಲ್ಲಿ ಸಾಯಬೇಕು

ತಲಕಾಯಲಬೆಟ್ಟದ ಏರಿನಲ್ಲಿ
ಇಂಜಿನ್ನು ಕೂಗಿತು, ಗಾಡಿ ಕೇಳಲಿಲ್ಲ.
ಹಿಂದೆ ಆರು ಕ್ರೇಟು ಗೂಡು,
ಹತ್ತಕ್ಕೆ ಶಿಡ್ಲಘಟ್ಟದಲ್ಲಿ ಹರಾಜು,
ಕಾಲಡಿಯಿಂದ ಸೀದ ಕೂದಲಿನ ವಾಸನೆ.
ಹೊಸ ಪ್ಲೇಟು ಹಾಕಿ ಮೂರು ದಿನವಾಗಿಲ್ಲ.
ನಾನೇ ಹಾಕಿದ್ದು.

ಮೆಕ್ಯಾನಿಕ್ ಬಾಷು ನಾಲ್ಕು ಸಾವಿರ ಕೂಲಿ ಕೇಳಿದ್ದ.
ಅಷ್ಟಕ್ಕೆ ನಾನೇ ಮಲಗ್ತೀನಿ ಓಮ್ನಿ ಕೆಳಗೆ ಅಂದೆ,
ಮಲಗಿದೆ.
ಮನೆ ಮುಂದಿನ ಚಪ್ಪಡಿ, ಎರಡು ಜಾಕು, ಹಳೇ ಟೈರು,
ಎದೆಯ ಮೇಲೆ ಇಳಿದ ಗೇರ್‌ಬಾಕ್ಸು.
ಫಿಲೇಚರಿನಿಂದ ಆಗಷ್ಟೇ ಬಂದ ಅಕ್ಕಯ್ಯಮ್ಮ
ಸೆರಗು ಸಿಕ್ಕಿಸಿಕೊಂಡು ಟಾರ್ಚು ಹಿಡಿದಳು,
ಹತ್ತರ ಸ್ಪ್ಯಾನರು ಕೇಳಿದರೆ ಹನ್ನೆರಡರದು ಕೊಟ್ಟಳು,
ಪ್ಲೇಟು ಕೊಟ್ಟಳು.

ಈಗ ಮತ್ತೆ ಅದೇ ಚಪ್ಪಡಿ.
ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರಿಗೆ ಹಾಕಿ
ಕ್ಲಚ್ಚು ಬಿಟ್ಟರೆ
ಇಂಜಿನ್ನು ಅಲ್ಲೇ ಸಾಯಬೇಕು.
ಸಾಯಲಿಲ್ಲ.
ಊಟವಾದರೂ ಏಳದ ನೆಂಟನ ಹಾಗೆ
ಗೊಣಗುತ್ತಲೇ ಇತ್ತು.

ಕೇಬಲ್ಲಿನ ಮೇಲೆ ಅನುಮಾನ, ಬಿಗಿ ಜಾಸ್ತಿಯಾಯಿತೇನೋ.
ನಟ್ಟು ಎರಡು ಸುತ್ತು ಹಿಂದಕ್ಕೆ, ಪೆಡಲಿಗೆ ಎರಡು ಬೆರಳು ಸಡಿಲ.
ಮತ್ತೆ ಗೊಣಗು.
ಅಂಗಡಿಯವನ ಮೇಲೆ ಅನುಮಾನ, ಡೂಪ್ಲಿಕೇಟ್ ಕೊಟ್ಟನೇನೋ.
ಪ್ಲೇಟು ಹಿಂದುಮುಂದಾಗಿ ಕೂರಿಸಿದೆನೇನೋ ಅಂತ
ರಾತ್ರಿಯೆಲ್ಲ ನನ್ನ ಮೇಲೆ.

ಬೆಳಿಗ್ಗೆ ಮತ್ತೆ ಇಳಿಸಿದೆ.
ಸರಿಯಾದ ಮುಖಕ್ಕೇ ಕೂತಿತ್ತು.
ಇಂಜಿನ್ ಸೀಲಿನ ಕೆಳಗೆ ಬೆರಳಾಡಿಸಿದೆ, ಒಣ ಒಣ.
ಪ್ಲೇಟನ್ನು ಬಿಸಿಲಿಗೆ ಹಿಡಿದಾಗ ಕಂಡಿತು:
ಕಪ್ಪಗೆ ಸುಟ್ಟು ಅಂಟಿಕೊಂಡ ಅರ್ಧ ಅಂಗೈ,
ಅದರಾಚೆ ಒಂದು ಹೆಬ್ಬೆಟ್ಟು.
ಮೂಸಿದೆ. ಆಯಿಲ್ಲಲ್ಲ, ಗ್ರೀಸಲ್ಲ.
ಹುಳದ ಜಿಡ್ಡು.
ಹದಿನೆಂಟು ವರ್ಷದಿಂದ ನನ್ನ ದಿಂಬಿನಲ್ಲಿರುವ ವಾಸನೆ.

ಬೈಯುತ್ತಾನೆ ಅಂತ ಮೊದಲೇ ಮುಖ ಗಂಟಿಕ್ಕಿಕೊಂಡು
ಅಕ್ಕಯ್ಯಮ್ಮ ಬಗ್ಗಿದಳು.
ಹೆಬ್ಬೆಟ್ಟನ್ನು ಆ ಗುರುತಿನ ಪಕ್ಕ ಇಟ್ಟು ತಾಳೆ ನೋಡಿದಳು.
"ನಂದೇ" ಅಂದಳು,
ಕಳೆದುಹೋದ ಓಲೆ ಸಿಕ್ಕವಳ ಹಾಗೆ.

ಕುದಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಗೆರೆ ಸವೆದ ಬೆರಳು ಅದು.
ರೇಷನ್ ಅಂಗಡಿಯ ಮಿಷನ್ನಿಗೆ ತಿಂಗಳು ತಿಂಗಳೂ ಒತ್ತುತ್ತಾಳೆ,
ಒರೆಸಿ ಒತ್ತುತ್ತಾಳೆ, ಎಂಜಲು ಹಚ್ಚಿ ಒತ್ತುತ್ತಾಳೆ,
ಕೆಂಪು ದೀಪ.
"ಪಕ್ಕಕ್ಕೆ ನಿಂತ್ಕೊಳಮ್ಮ, ಹಿಂದಿನೋರು ಬರ್ಲಿ."
ಈ ತಾಲ್ಲೂಕಿನಲ್ಲಿ ಅವಳನ್ನು ಅವಳೇ ಎಂದು ಒಪ್ಪಿದ್ದು
ಈ ಪ್ಲೇಟೊಂದೇ.
ಗೆರೆ ಮೂರು, ಇನ್ನೊಂದು ಅರ್ಧ.

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿದೆ, ಸ್ಯಾಂಡ್‌ಪೇಪರ್ ಹರಿದೆ.
ಅಂಗೈಯನ್ನು ಉಜ್ಜಿ ತೆಗೆದೆ.
ಹೆಬ್ಬೆಟ್ಟಿನ ಹತ್ತಿರ ಕೈ ನಿಂತಿತು.
"ಉಜ್ಜು ಉಜ್ಜು, ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ್ಮೇಲೆ
ಗೂಡು ಯಾರು ತಗೋತಾರೆ?" ಅಂದಳು.
ಉಜ್ಜಿದೆ.

ಈ ಸಲ ಸೋಪು ಹಚ್ಚಿ, ಬೂದಿ ಹಚ್ಚಿ, ಮೂರು ಸಲ ಕೈ ತೊಳೆದು
ಕಾವಲಿಯ ಮೇಲಿನ ರೊಟ್ಟಿ ಎತ್ತುವ ಹಾಗೆ
ಅಂಚು ಹಿಡಿದು ಕೊಟ್ಟಳು.

ಸಂಜೆ. ಹ್ಯಾಂಡ್‌ಬ್ರೇಕ್. ನಾಲ್ಕನೇ ಗೇರು.
ಕ್ಲಚ್ಚು ಬಿಟ್ಟೆ.
ಗಾಡಿ ಒಮ್ಮೆ ಕೆಮ್ಮಿ, ಮುಂದಕ್ಕೆ ಜಗ್ಗಿ, ಸತ್ತಿತು.
"ಅಯ್ಯೋ, ಮತ್ತೆ ಕೆಟ್ಟೋಯ್ತಾ?"
ಒದ್ದೆ ಕೈಯಲ್ಲೇ ಓಡಿ ಬಂದಳು.
ಸ್ಟೇರಿಂಗ್ ಹಿಡಿದು ನಾನು ನಗುತ್ತಿದ್ದೆ.
ಮತ್ತೆ ಸ್ಟಾರ್ಟ್ ಮಾಡಿದೆ,
ಅವಳನ್ನು ಪಕ್ಕದ ಸೀಟಿಗೆ ಹತ್ತಿಸಿಕೊಂಡು
ಇನ್ನೊಂದು ಸಲ ಸಾಯಿಸಿ ತೋರಿಸಿದೆ.