ಹದಿನೇಳು ನಂಬರಿನ ಕೋಶ

ಇಲಿ ಸತ್ತು ಎರಡು ವರ್ಷ ಆತು.
ಅದು ಓಡಿದ ಹನ್ನೊಂದು ನಿಮಿಷ ಮಾತ್ರ
ಬೆಂಡಿಗೇರಿ ಸರ್ ಕೊಟ್ಟ ಹಾರ್ಡ್ ಡಿಸ್ಕಿನ್ಯಾಗ
ಇನ್ನೂ ಬೆಚ್ಚಗ ಐತಿ.

ದಿನಾ ಒಂಬತ್ತಕ್ಕ ಚಿಗರಿ ಬಸ್ ಹಿಡದು
ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋಗಿ
ಬಾಗಲಾ ತಗದು, ಫ್ಯಾನ್ ಹಚ್ಚಿ,
ಆ ಇಲೀನ ಮತ್ತ ಓಡಸೂದು ನನ್ನ ಕೆಲಸ.

ಬಿಎಸ್ಸಿ ಮುಗದ ಮ್ಯಾಲ ಬಿ.ಎಡ್ ಅಂದಿದ್ರು ಮನ್ಯಾಗ.
ಸ್ವಾದರಮಾವ ಬ್ಯಾಂಕ್ ಪರೀಕ್ಷೆದ ಪುಸ್ತಕ ತಂದುಕೊಟ್ಟಿದ್ದ,
ಯಾರೋ ಓದಿ ಬಿಟ್ಟದ್ದು,
ಉತ್ತರಕ್ಕೆಲ್ಲಾ ಮೊದಲ ಟಿಕ್ ಬಿದ್ದಿತ್ತು.
ಈಗ ಕೇಳಿದವ್ರಿಗೆ ಅವ್ವ ಅಂತಾಳ:
"ಮಿದುಳಿನ ಆಫೀಸಿನ್ಯಾಗ ಅದಾಳ."
ಓಣಿಯವ್ರು ತಲಿನೋವಿಗೆ ಗುಳಿಗಿ ಕೇಳತಾರ.
ಒಂದು ಪಟ್ಟಿ ಬ್ಯಾಗಿನ್ಯಾಗ ಇಟ್ಟುಬಿಟ್ಟೇನಿ,
ಎಷ್ಟು ಮಂದಿಗಂತ ತಿಳಿಸಿ ಹೇಳೂದು.

ಕೂದಲಿಗಿಂತ ಸಣ್ಣ ತಂತಿ
ಮಿದುಳಿನೊಳಗ ನಿಂತು
ಸುತ್ತಲಿನ ಕೋಶ ಒದರಿದ್ದೆಲ್ಲಾ ಬರಕೊಂಡೈತಿ,
ಜನತಾ ಬಜಾರದಾಗ ಕಣ್ಣ ಮುಚ್ಚಿ ನಿಂತವರ ಹಂಗ.
ಕೊತ್ತಂಬರಿಯಾಕಿದು ಯಾವ ದನಿ, ಆಟೋದವಂದು ಯಾವುದು,
ಬಿಡಿಸಿ ಬ್ಯಾರೆ ಬ್ಯಾರೆ ಗುಡ್ಡಿ ಹಾಕಬೇಕು.
ನಲವತ್ತೆರಡು ಗುಡ್ಡಿ.
ಕೋಡ್ ಹತ್ತು ನಿಮಿಷಕ್ಕ ಹಾಕತೈತಿ,
ಅದರ ತಪ್ಪು ಹುಡುಕಾಕ ನನಗ ಹತ್ತು ದಿನ.

ಹದಿನೇಳು ನಂಬರಿನ ಕೋಶಕ್ಕ
ಹಾದಿಯೊಳಗ ಎರಡು ಜಾಗಾ ಸೇರತಾವು.
ಇಲಿ ಎಡಗಡೆ ಮೂಲಿಗೆ ಬಂದ್ರ ಟಪ್ ಟಪ್.
ನೀರಿಟ್ಟ ತುದಿಗೆ ಬಂದ್ರ ಮತ್ತ ಟಪ್.
ಉಳಿದವಕ್ಕ ಒಂದೊಂದ ಜಾಗಾ, ಇದಕ್ಕ ಯಾಕ ಎರಡು?
"ಇದು ಪೇಪರ್ ಆಗತೈತಿ ನೋಡ," ಅಂದ್ರು ಸರ್.
ಎರಡು ತಿಂಗಳು ಆ ಕೋಶದ ಮ್ಯಾಲ ಜೀವಾ ಇಟ್ಟೆ.
ಬಸ್ಸಿನ್ಯಾಗ ಉಣಕಲ್ ಕೆರಿ ಕಂಡ ಕೂಡಲೆ
ನನ್ನ ತಲ್ಯಾಗೂ ಒಂದು ಒದರತಿರಬೇಕು,
ಸತ್ತೂರ ಬಂದ್ರ ಅದ ಮತ್ತ ಒದರತಿರಬೇಕು
ಅನಕೋತ, ಕಂಬಿ ಹಿಡದು, ಹೋಗತಿದ್ದೆ.

ಒಂದು ರಾತ್ರಿ ಅದನ್ನ ಮನ್ಯಾಗ ಸ್ಪೀಕರಿಗೆ ಹಚ್ಚಿದೆ.
"ಸಾಸಿವಿ ಸಿಡದಂಗ ಐತಲ್ಲ," ಅಂದ್ಳು ಅವ್ವ.
ಅಪ್ಪ ಯಾರದೋ ಮಿಕ್ಸರಿನ ಹೊಟ್ಟಿ ಬಿಚ್ಚಿಕೊಂಡು ಕೂತಿದ್ದ.
ದುರ್ಗದಬೈಲಿನ್ಯಾಗ ಅವನ ಅಂಗಡಿ,
ಮೌನೇಶ ರೇಡಿಯೋ ವರ್ಕ್ಸ್.
ರೇಡಿಯೋ ಬರೂದು ನಿಂತು ಎಷ್ಟೋ ವರ್ಷ ಆತು,
ಬೋರ್ಡ್ ಇಳಿಸಿಲ್ಲ.
ತಲಿ ಎತ್ತದ ಅಂದ:
"ಹಿಂದ ಗುಂಯ್ ಅಂತೈತಲ್ಲ, ಅದು ಹೆಸ್ಕಾಂದವ್ರದು."
ಇಲಿ ಪುಣೇದ್ದು, ಹೆಸ್ಕಾಂ ಅಲ್ಲಿ ಇಲ್ಲ,
ಆದ್ರ ಕರೆಂಟ್ ಅನ್ನೂದು ಖರೆ. ಐವತ್ತು ಹರ್ಟ್ಸ್.
ನಾ ತಗೀಬೇಕಿತ್ತು.

ಆಮ್ಯಾಲ ಸ್ಕ್ರೂಡ್ರೈವರ್ ಗಾಳ್ಯಾಗ ನಿಲ್ಲಿಸಿದ.
"ಇನ್ನೊಮ್ಮೆ ಹಚ್ಚು."
ಹಚ್ಚಿದೆ.
"ಇದು ಒಬ್ಬರದಲ್ಲ ಯವ್ವಾ.
ಸಂಜಿಮುಂದ ಮೀಡಿಯಂ ವೇವಿನ್ಯಾಗ
ನಮ್ಮ ಧಾರವಾಡದ ಮ್ಯಾಲ ಇನ್ನೊಂದು ಸ್ಟೇಶನ್ ಬಂದು ಕುಂಡರತಿತ್ತು.
ಮುಳ್ಳು ಒಂದ ಕಡೆ, ದನಿ ಎರಡು.
ಕೇಳು, ಒಂದು ತುಸು ದಪ್ಪ ಐತಿ."

ಸಿಟ್ಟು ಬಂತು ನನಗ.
ನಿನಗೇನ ಗೊತ್ತು ಅಂದೆ. ಅಂದದ್ದು ಅಂದೆ.
ಅವ ಮಿಕ್ಸರಿಗೆ ತಿರುಗಿದ.

ಸೋಮವಾರ ಎಂಟುನೂರು ಟಪ್ಪನ್ನೂ
ಒಂದರ ಮ್ಯಾಲ ಒಂದು ಗೆರಿ ಮಾಡಿ ಹಾಸಿದೆ.
ಕಣ್ಣು ಕಿರಿದು ಮಾಡಿ ನೋಡಿದ್ರ
ನಡುವ ಒಂದು ಸೀಳು,
ನೆನೆಹಾಕಿದ ಅವರೀಕಾಳು ಒಡದಂಗ.
ದಪ್ಪಂದು ಮೂಲ್ಯಾಗ. ತೆಳ್ಳಂದು ನೀರಿನ ಹತ್ರ.

ಸರ್ ಬಾಳ ಹೊತ್ತು ಪರದೆ ನೋಡಿದ್ರು, ಚಾ ತರಿಸಿದ್ರು.
"ಯಾರ ಹಿಡದ್ರು ಇದನ್ನ?"
"ನಮ್ಮಪ್ಪ. ರೇಡಿಯೋ ರಿಪೇರಿ."
ಫಲಕದ ಮ್ಯಾಲ ನಲವತ್ತೆರಡು ಅಳಿಸಿ
ನಲವತ್ತಮೂರು ಬರದ್ರು.
ಪೇಪರ್ ಹೋತು.

ಬರೂಮುಂದ ಸತ್ತೂರ ದಾಟತು, ಕೆರಿ ದಾಟತು.
ಒಂದರ ಗುರುತು ಒಂದಕ್ಕಿಲ್ಲದ ಎರಡು
ಒಳಗ ಎಲ್ಲೋ ಟಪ್ ಅಂದಿರಬೇಕು.

ಅಪ್ಪ ಬಾಗಲದಾಗ ಕೂತು ವೈರಿನ ತೊಗಲು ಸುಲೀತಿದ್ದ.
ಹೇಳಿದೆ.
ಹೂಂ ಅಂದ.
ಸ್ವಲ್ಪ ತಡದು ಕೇಳಿದ:
"ಆ ಗುಂಯ್ ತಗದೇನು?"